ಚಿಲ್ಲರೆ ಬಾಕಿ

ಅಕ್ಟೋಬರಿನಲ್ಲಿ ಕಂಬ ನೆಟ್ಟು ಮಡಲು ಹೊದೆಸಿ
ಮೇ ಕೊನೆಗೆ ಬಿಚ್ಚಿ ಕಟ್ಟಿಡುವ ಅಂಗಡಿ ನನ್ನದು,
ಗೋಕರ್ಣದಿಂದ ಕುಡ್ಲೆಗಿಳಿಯುವ ಚಿರೆಕಲ್ಲ ಮೆಟ್ಟಿಲ ಬುಡದಲ್ಲಿ.
ಬಾಳೆಹಣ್ಣು, ಬೀಡಿ, ಸೊಳ್ಳೆಬತ್ತಿ,
ಸೊಂಟಕ್ಕೆ ಸುತ್ತುವ ಬಣ್ಣದ ಬಟ್ಟೆ,
ಮತ್ತೆ ಆ ಬಿಳಿ ಕಾಗದದ ಸುರುಳಿ.
ಅದನ್ನು ಎಂತಕ್ಕೆ ಕೊಳ್ಳುತ್ತಾರೆಂದು ತಿಳಿದಾಗ
ನಮ್ಮ ಅತ್ತೆ ಎರಡು ದಿನ ನಕ್ಕಿದ್ದಳು.

ಸೊಲಾಂಜ್ ಮೊದಲ ಸಲ ಬಂದವಳು
ಹಸಿರು ಬಟ್ಟೆಯೊಂದನ್ನು ಬೆಳಕಿಗೆ ಹಿಡಿದು
‘ತ್ರೋ ಶೇರ್’ ಅಂದಳು.
ಶೇರೆಂದರೆ ನನಗೆ ಅಕ್ಕಿ ಅಳೆಯುವ ಹಿತ್ತಾಳೆಯದು.
ಬಟ್ಟೆಯನ್ನು ಸೇರಿನಲ್ಲಿ ಅಳೆಯುವ ಊರು ಯಾವುದಪ್ಪಾ
ಅಂತ ನೋಡುತ್ತಾ ನಿಂತೆ.
ಅರ್ಧ ಇಂಗ್ಲಿಷು, ಅರ್ಧ ಕೈಬಾಯಿ, ಆಮೇಲೆ ತಿಳಿಯಿತು:
ಬಲು ತುಟ್ಟಿ ಅಂತ.
ಅದೇ ಮಾತಿಗೆ ಪ್ರೀತಿಯ ಅಂತಲೂ ಅರ್ಥವಂತೆ,
ಕಾಗದ ಬರೆವಾಗ ಮೊದಲ ಸಾಲಿಗೆ ಹಾಕುತ್ತಾರಂತೆ.
ಹಾಗಾದರೆ ನೀನು ಹೊಗಳಿದ್ದೋ ಚೌಕಾಸಿ ಮಾಡಿದ್ದೋ, ಅಂದೆ.
ಇಪ್ಪತ್ತು ರೂಪಾಯಿ ಇಳಿಸಿದೆ, ಎರಡಕ್ಕೂ ಸೇರಿ.

ಅವಳೂ ಗಲ್ಲಾಪೆಟ್ಟಿಗೆಯ ಹಿಂದೆ ನಿಂತವಳೇ.
ಬ್ರೆಸ್ತ್ ಎಂಬ ಬಂದರಿನ ಊರು, ಬ್ರೆಡ್ಡಿನಂಗಡಿ, ಮೂವತ್ತೊಂದು ವರ್ಷ.
ಮೀನಖಂಡದ ಮೇಲೆ ಉಬ್ಬಿದ ನೀಲಿ ನರ ನೋಡಿಯೇ
ನನಗೆ ಗೊತ್ತಾಗಬೇಕಿತ್ತು.

ಬೋಣಿಯ ನೋಟನ್ನು ನಾನು ಕಣ್ಣಿಗೊತ್ತಿಕೊಂಡರೆ
ಕಣ್ಣುಬೇನೆಯೇ ಅಂತ ಕೇಳಿದಳು.
ಹೇಳಿದೆ.
ನಮ್ಮಲ್ಲಿ, ಅಂದಳು, ಬೆಲೆ ಮಿತಿಮೀರಿದರೆ
‘ತಲೆಯಲ್ಲಿನ ಕಣ್ಣುಗಳಷ್ಟು’ ಅನ್ನುತ್ತೇವೆ.
ಸಾಮಾನಿಗೆ ಕಣ್ಣು ಕಿತ್ತುಕೊಡುವ ನಿಮಗಿಂತ
ದುಡ್ಡನ್ನು ಕಣ್ಣಿಗಿಡುವ ನಾವು ವಾಸಿ, ಅಂದೆ.
ವಾಸಿಯೇನಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಕೊಳ್ಳದೆ ಬರೀ ನೋಡುತ್ತಾ ಅಲೆಯುವುದಕ್ಕೆ
ಅಂಗಡಿಗಾಜು ನೆಕ್ಕುವುದು ಅಂತಾರಂತೆ.
ನನ್ನಂಗಡಿಗೆ ಗಾಜೆಲ್ಲಿ?
ಇಲ್ಲಿ ನೆಕ್ಕುವುದು ಉಪ್ಪುಗಾಳಿ ಒಂದೇ.
ತಕ್ಕಡಿಯ ಸರಪಳಿ, ಕಾಲ್ಗೆಜ್ಜೆಯ ಕೊಕ್ಕೆ, ಬೀಗ,
ಎಲ್ಲ ನೆಕ್ಕಿ, ಒಂದನ್ನೂ ಕೊಳ್ಳದೆ ಹೋಗುತ್ತದೆ.

ಒಂದು ಮಾತು ಮಾತ್ರ ಅವಳಲ್ಲಿಲ್ಲ ಅಂದುಕೊಂಡಿದ್ದೆ.
ಡಜನ್ ಮಿಟಗ ಬಾಳೆ ಎಣಿಸಿ ಮೇಲೊಂದಿಟ್ಟು
ಕೊಸರು, ಅಂದೆ.
ಎಣಿಕೆ ತಪ್ಪಿತೆಂದು ಅವಳು ಅದನ್ನು ತೆಗೆದಿಟ್ಟಳು.
ನಾನು ಮತ್ತೆ ಇಟ್ಟೆ. ಅವಳು ಮತ್ತೆ ತೆಗೆದಳು.
ಹಣ್ಣಿನ ತೊಟ್ಟು ಕಳಚಿತು.
ಆಗ ಒಮ್ಮೆಗೇ,
‘ತ್ರೆಜ್ ಆ ಲಾ ದೂಜೆನ್!’
ಡಜನ್ನಿಗೆ ಹದಿಮೂರು.
ಮಾಲೀಕನ ತಾಯಿ ಹಾಗೆ ಕೊಡುತ್ತಿದ್ದಳಂತೆ,
ಹದಿಮೂರನೆಯದನ್ನು ಗಿರಾಕಿಯ ಮಗುವಿನ ಕೈಗೆ.
ಮಗ ಗಲ್ಲಕ್ಕೆ ಕೂತ ಮೇಲೆ ನಿಂತಿತಂತೆ.
ಆ ಹಣ್ಣನ್ನು ಅಲ್ಲೇ ನಿಂತು ತಿಂದಳು,
ಸಿಪ್ಪೆ ದನಕ್ಕೆ.

ಚಿಲ್ಲರೆಗೆ ಅವರು ‘ಮೊನೆ’ ಅನ್ನುತ್ತಾರೆ.
ನನ್ನ ಕಿವಿಗೆ ಅದು ಯಾವಾಗಲೂ ಮೊನ್ನೆ.
ಮೊನ್ನೆ ಕೊಡು, ಮೊನ್ನೆ ಇಲ್ಲವಾ, ಮೊನ್ನೆ ಸರಿಯಿದೆಯಾ ನೋಡು
ಅಂತ ನಾಲ್ಕು ಚಳಿಗಾಲ ನಕ್ಕೆವು.

ಕಡೆಯ ಸಂಜೆ ಇನ್ನೂರರ ನೋಟು ಕೊಟ್ಟಳು,
ಸಾಮಾನು ನೂರಾ ನಲವತ್ತರದು.
ಅರವತ್ತು ನನ್ನಲ್ಲಿರಲಿಲ್ಲ.
ಚಾಕಲೇಟು ಕೊಟ್ಟು ಸಾಗಹಾಕುವ ಗಿರಾಕಿಯಲ್ಲ ಅವಳು.
ನಾಳೆ ತಗೋ ಮಾರಾಯ್ತಿ, ಅಂದೆ.
ಬೆಳಗಿನ ಐದೂವರೆಗೇ ಟೆಂಪೋ ಅನ್ನುವುದು
ಇಬ್ಬರಿಗೂ ನೆನಪಾಗಲಿಲ್ಲ.

ಉದ್ರಿ ತೀರಿಸದೆ ಹೋದವನನ್ನು
‘ಪಾಟಿ ಬಿಟ್ಟುಹೋದ’ ಅಂತಾರಂತೆ ಅಲ್ಲಿ, ಬಳಪದ ಗುರುತಿನ ಪಾಟಿ.
ಅಂಗಡಿಯೇ ಗಿರಾಕಿಗೆ ಬಾಕಿ ಬಿದ್ದರೆ ಎಂತ ಹೇಳುತ್ತಾರೆ?
ಅದನ್ನು ಕೇಳಿಟ್ಟುಕೊಂಡಿಲ್ಲ.

ಹೋದ ವರ್ಷ ಬರಲಿಲ್ಲ. ಈ ವರ್ಷವೂ.
ನನ್ನ ಪುಸ್ತಕದಲ್ಲಿ ಎಲ್ಲರೂ ನನಗೆ ಕೊಡಬೇಕಾದವರು,
ದೋಣಿಯ ಗಣಪು, ಶ್ಯಾಕಿನ ಬೊಮ್ಮಯ್ಯ, ಯೋಗದ ಮಾಸ್ತರ.
ಪುಸ್ತಕ ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ
ಅವಳ ಹೆಸರು, ನನ್ನ ಅಕ್ಷರದಲ್ಲಿ,
ಎದುರಿಗೆ: ಮೊನ್ನೆ, ಅರವತ್ತು.
ಮಡಲು ಬಿಚ್ಚುವಾಗೆಲ್ಲ ಅತ್ತೆ, ಆ ಹಾಳೆ ಹರಿ, ಅನ್ನುತ್ತಾಳೆ.

ಇವತ್ತು ಬೆಳಗ್ಗೆ ಯಾವನೋ ಹುಡುಗ
ಹಸಿರು ಬಟ್ಟೆಯನ್ನು ಬೆಳಕಿಗೆ ಹಿಡಿದು
‘ತ್ರೋ ಶೇರ್’ ಅಂದ.
ಹೌದು, ಬಹಳ, ಅಂದೆ.
ಒಂದು ರೂಪಾಯಿಯನ್ನೂ ಇಳಿಸಲಿಲ್ಲ.