ಹದಿನಾಲ್ಕನೆಯ ಅಭ್ಯಾಸ

ವಸತಿ ಸಂಸ್ಥೆಗೆ ಒಂದು ದೂರು ಬರೆಯಿರಿ.
ವಿಷಯ: ಹೀಟರು ಕೆಟ್ಟಿದೆ. ಎಂಬತ್ತು ಪದ ಮೀರದಂತೆ.

ಕೆಮ್ನಿಟ್ಸಿನ ಸಂಜೆ ಶಾಲೆ, ಮೂರನೇ ಮಹಡಿ,
ಹನ್ನೊಂದು ಜನ, ಒದ್ದೆ ಕೋಟುಗಳ ವಾಸನೆ.
ಝರ್ಮೀನಾಗೆ ಕಲ್ಪಿಸಿಕೊಳ್ಳುವ ಕಷ್ಟವಿಲ್ಲ,
ಅವಳ ಹೀಟರು ನಿಜಕ್ಕೂ ಕೆಟ್ಟು ಒಂಬತ್ತು ದಿನ.

ಮೊದಲ ಸಾಲಿನಲ್ಲೇ ತಪ್ಪು: ಇಖ್ ಬಿನ್ ಕಾಲ್ಟ್.
ನಾನು ತಣ್ಣಗಿದ್ದೇನೆ.
ಹಾಗಂದರೆ ನೀನು ಕಲ್ಲೆದೆಯವಳು, ಇಲ್ಲವೇ ಹೆಣ, ಎಂದೆ.
ಎಲ್ಲರೂ ನಕ್ಕರು, ಅವಳೇ ಮೊದಲು.
ಮಿಯರ್ ಇಸ್ಟ್ ಕಾಲ್ಟ್ ಅಂತ ಬರಿ. ನನಗೆ ಚಳಿ.
ಚಳಿ ನೀನಲ್ಲ. ಹೊರಗಿನದು,
ನಿನ್ನ ಹತ್ತಿರ ಬಂದು ಕೂತಿದೆ, ಅಷ್ಟೆ.
ಚತುರ್ಥಿ ವಿಭಕ್ತಿ ಅದನ್ನು ಹೊಸ್ತಿಲಲ್ಲೇ ತಡೆಯುತ್ತದೆ.

ಹಾಗಾದರೆ ಹಸಿವು? ಎಂದ ಓಸ್ತಾಪ್, ಪೆನ್ಸಿಲ್ ಕಚ್ಚುತ್ತ.
ಹಸಿವು ಹಾಗಲ್ಲ. ನಾನು ಹಸಿವನ್ನು ಹೊಂದಿದ್ದೇನೆ.
ಭಯವನ್ನೂ. ಊರಿನ ಹಂಬಲವನ್ನೂ.
ಚಳಿ ಮಾತ್ರ ನೆಂಟ, ಉಳಿದವೆಲ್ಲ ಸ್ವಂತ ಆಸ್ತಿಯೇ?
ವ್ಯಾಕರಣದ ಪುಸ್ತಕ ತಿರುವಿದೆ. ಉತ್ತರವಿರಲಿಲ್ಲ.
ಇಲ್ಲಿ ಹೀಗೇ ಹೇಳುತ್ತೇವೆ, ಎಂದೆ.

'ವೈಲ್' ಬಂತೆಂದರೆ ಕ್ರಿಯಾಪದ
ಸದ್ದಿಲ್ಲದೆ ಎದ್ದು ಹೋಗಿ ಕೊನೆಯ ಕುರ್ಚಿಯಲ್ಲಿ ಕೂರುತ್ತದೆ.
ಏಕೆಂದರೆ ನನ್ನ ಮಗು ರಾತ್ರಿಯಿಡೀ...
ಏಕೆಂದರೆ ನಾವು ಮೂವರೂ ಅಡುಗೆಮನೆಯಲ್ಲಿ, ಒಲೆಯ ಮುಂದೆ...
ಓದುವವರು ಕೊನೆಯ ಪದದ ತನಕ ಕಾಯಲೇಬೇಕು, ಎಂದೆ.

ಸುಳ್ಳು.
ನಾನು ಕಾಯುತ್ತಿರಲಿಲ್ಲ.
ಮೂವತ್ತೊಂದು ವರ್ಷ ಅದೇ ಸಂಸ್ಥೆಯ ಎರಡನೇ ಕೋಣೆಯಲ್ಲಿ
ಇಂಥ ಲಕೋಟೆಗಳನ್ನು ಸೀಳಿದವಳು ನಾನು.
ಬಾಡಿಗೆ ಸಂಖ್ಯೆ ಇಲ್ಲದ್ದು ರಾಶಿಯ ಅಡಿಗೆ.
ಕೈಬರಹದ್ದು ಅದರಡಿಗೆ.
ವಿಭಕ್ತಿ ತಪ್ಪಿದ್ದನ್ನು ಕಾಫಿಯ ಹೊತ್ತಿಗೆ
ಗಟ್ಟಿಯಾಗಿ ಓದುತ್ತಿದ್ದೆವು.

ಅದಕ್ಕೇ ಝರ್ಮೀನಾ, ಬಲಗಡೆ ಮೇಲೆ ಸಂಖ್ಯೆ ಹಾಕು.
'ಆದಷ್ಟು ಬೇಗ' ಅನ್ನಬೇಡ, ಶುಕ್ರವಾರ ಅನ್ನು.
'ಸಾಧ್ಯವಾಗುವುದಾದರೆ' ಒಂದು ಸಲ ಸಾಕು,
ಎರಡಾದರೆ ಅವರಿಗೆ ಸಾಧ್ಯವಾಗುವುದಿಲ್ಲ.
ನಾಲ್ಕು ಸಲ ತಿದ್ದಿದಳು. ಎಪ್ಪತ್ತೊಂಬತ್ತು ಪದ.

ಹನ್ನೆರಡು ದಿನಕ್ಕೆ ಉತ್ತರ ಬಂತು, ತರಗತಿಗೇ ತಂದಳು:
ತಮ್ಮ ಪತ್ರವನ್ನು ಸ್ವೀಕರಿಸಲಾಗಿದೆ. ಪರಿಶೀಲಿಸಲಾಗುವುದು.
ಕರ್ಮಣಿ ಪ್ರಯೋಗ! ಎಂದಳು,
ಸಂತೆಯಲ್ಲಿ ಪರಿಚಯದವರು ಸಿಕ್ಕಂತೆ.
ಸರಿ, ಕರ್ತರಿಗೆ ತಿರುಗಿಸಿ ನೋಡೋಣ.
ಬೋರ್ಡಿನ ಮೇಲೆ ಎಲ್ಲ ಪದಗಳೂ ಬಂದವು,
ಕರ್ತೃವಿನ ಜಾಗ ಮಾತ್ರ ಖಾಲಿ.
ಯಾರೋ, ಎಂದ ಓಸ್ತಾಪ್.
ಕಂಪ್ಯೂಟರು, ಎಂದರು ಹಿಂದಿನ ಬೆಂಚಿನವರು.

ಪತ್ರದ ಮೂಲೆಯಲ್ಲಿ, ಇರುವೆಯಷ್ಟು ಚಿಕ್ಕದಾಗಿ, ಎರಡು ಇನಿಷಿಯಲ್ಲು.
ನಾನೇ ಕೆಲಸ ಕಲಿಸಿದ ಹುಡುಗಿ.
ಈ ಎರಡು ವಾಕ್ಯಗಳನ್ನೂ.

ಸೀಮೆಸುಣ್ಣ ಕೈಯಲ್ಲೇ ಇತ್ತು.
ಝರ್ಮೀನಾ ಇನ್ನೂ ಕೋಟು ಬಿಚ್ಚಿರಲಿಲ್ಲ.
ಪುಟ ತಿರುಗಿಸಿ, ಎಂದೆ. ಹದಿನೈದನೆಯ ಅಭ್ಯಾಸ, ನೆನಪೋಲೆ.
'ಸಂಬಂಧಪಟ್ಟವರಿಗೆ' ಬೇಡ ಈ ಸಲ.
ಮಾನ್ಯ ಶ್ರೀಮತಿ ಎಂದು ಬರೆದು ಜಾಗ ಬಿಡಿ,
ಹೆಸರು ನಾನು ಹೇಳುತ್ತೇನೆ.