ಇಸವಿ ೨೧೯೦, ಗುತ್ತಲು

ಮೈಸೂರಿನ ಚಿಕ್ಕ ಗಡಿಯಾರದ ಬಳಿ
ಮೂವತ್ತು ರೂಪಾಯಿಗೆ ಸಿಕ್ಕ ಪುಸ್ತಕ.
ರಟ್ಟಿಲ್ಲ, ಬರೆದವರ ಹೆಸರಿಲ್ಲ,
ಕೊನೆಯ ನಲವತ್ತು ಪುಟವೂ ಇಲ್ಲ.
ಒಂದು ಊರು. ಅಲ್ಲಿ ಆಕಾಶಕ್ಕೂ ಬಾಡಿಗೆ.
ಒಬ್ಬ ಹುಡುಗ ಗೋಡೆ ಹತ್ತಿ
ಒಂದು ಕಾಲು ಆಚೆ ಹಾಕಿದ್ದ,
ಅಷ್ಟೆ. ಮುಂದೆ ಬರೀ ದಾರ, ಒಣಗಿದ ಅಂಟು.

ಎರಡು ರಾತ್ರಿ ನಿದ್ದೆಯಿಲ್ಲ.
ಮೂರನೆಯ ರಾತ್ರಿ ಫಿಸಿಕ್ಸ್ ನೋಟ್ಸು ತಿರುಗಿಸಿ
ಹಿಂದಿನ ಪುಟದಿಂದ ಬರೆಯತೊಡಗಿದೆ.
ಅವನನ್ನು ಇಳಿಸಬೇಕಿತ್ತಲ್ಲ, ಪಾಪ.
ಇಳಿಯಲು ಮೊದಲು ಒಂದು ಊರು ಬೇಕಲ್ಲ,
ಅದನ್ನೇ ಕಟ್ಟುತ್ತಾ ಕೂತೆ.

ನನಗೆ ಗೊತ್ತಿರುವುದು ಗುತ್ತಲು ಒಂದೇ.
ಹಾಗಾಗಿ ಎರಡು ಸಾವಿರದ ನೂರ ತೊಂಬತ್ತರ ಗುತ್ತಲು.
ಅಲ್ಲಿ ಕಹಿ ನಿಷಿದ್ಧ.
ಬೆಳಗ್ಗೆ ಐದಕ್ಕೆ ಸೈರನ್ನು,
ಪ್ರತಿ ನಾಲಿಗೆಯ ಮೇಲೂ ಸರ್ಕಾರಿ ಬೆಲ್ಲದಚ್ಚು.
ಅದು ಕರಗುವ ತನಕ ಯಾರಿಗೂ ‘ಇಲ್ಲ’ ಅನ್ನಲಾಗದು,
ಕರಗುವುದು ಸಂಜೆಗೆ.
ಯುಗಾದಿಗೆ ಬರೀ ಬೆಲ್ಲ.
ಹಾಗಲಬೀಜ ಬಚ್ಚಿಟ್ಟವರಿಗೆ ಆರು ವರ್ಷ.
ನೂರಡಿ ರಸ್ತೆಯುದ್ದಕ್ಕೂ ಕಣ್ಣಿರುವ ಕಂಬಗಳು,
ನಾಲೆಯ ನೀರಿಗೂ ಗುರುತಿನ ಚೀಟಿ.
ನನ್ನ ನಾಯಕಿ ಮಾತ್ರ ಬೇವಿನ ಕಡ್ಡಿಯೊಂದನ್ನು
ಜಡೆಯೊಳಗೆ ಹೆಣೆದುಕೊಂಡೇ ಓಡಾಡುತ್ತಾಳೆ.

ಸಫೂರಾ ನನ್ನ ಒಬ್ಬಳೇ ಓದುಗಳು.
ಲ್ಯಾಬಿನಲ್ಲಿ ಲೋಲಕ ತೂಗುತ್ತಿತ್ತು,
ಇಪ್ಪತ್ತು ಎಣಿಸಬೇಕಾದವಳು ಎಣಿಕೆ ಮರೆತು
‘ಸಾಯಿಸ್ಬೇಡ ಕಣೆ ಅವಳನ್ನ’ ಅಂದಳು.
ಗುರುತ್ವ ಹನ್ನೊಂದು ಬಂತು.
ನಮ್ಮೂರಲ್ಲಿ ಭಾರ ಜಾಸ್ತಿ,
ಎಂದು ಕತೆಯೊಳಗೆ ಬರೆದುಕೊಂಡೆ.

ಕನ್ನಡ ಮೇಡಂ ಕೈಗೂ ಒಮ್ಮೆ ಸಿಕ್ಕಿತು.
ಹದಿನಾರು ವರ್ಷದ ಹುಡುಗಿ,
ಯಾಕಮ್ಮ ಬರೀ ಕತ್ತಲೆ, ಅಂದರು.
ಉತ್ತರ ಹೊಳೆದದ್ದು ಬಸ್ಸಿನಲ್ಲಿ:
ಕರೆಂಟು ಹೋದಾಗಲೇ ಅಲ್ಲವೆ
ನಮ್ಮ ಮನೆಯವರೆಲ್ಲ
ಒಂದು ಕಡೆ ಬಂದು ಕೂರುವುದು?

ಅಮ್ಮ ಗಾರ್ಮೆಂಟ್ಸಿನಿಂದ ಬರುವಾಗ ಏಳೂವರೆ.
ಬಕೆಟ್ಟಿನ ಬಿಸಿನೀರಲ್ಲಿ ಕಾಲಿಟ್ಟು
‘ಅದೇನ್ ಬರ್ದಿದ್ದೀಯೋ ಓದವ್ವ’ ಅಂದಳು ಒಂದು ದಿನ.
ಐದನೇ ಅಧ್ಯಾಯ ಓದಿದೆ.
ಬೆಲ್ಲ ಕಟ್ಟುವ ಹೆಂಗಸರು,
ಗಂಟೆಗೆ ಇಷ್ಟು ಅಂತ ಕೂಗುವ ಸ್ಪೀಕರು,
ನಲವತ್ತು ಜನಕ್ಕೆ, ಹೊರಗೆ ಹೋಗಿಬರಲು,
ಒಂದೇ ಒಂದು ಟೋಕನ್.
ಬರೆದ ದಿನ ನಾನೇ ಬೆಚ್ಚಿದ್ದೆ,
ಎಂಥ ಕಲ್ಪನೆ ನನ್ನದು ಅಂತ.

ಅಮ್ಮ ಹಿಮ್ಮಡಿ ಉಜ್ಜುತ್ತಾ ಇದ್ದಳು.
‘ಒಂದಲ್ಲ, ಎರಡು. ಕೆಂಪ್ದು ಮುರ್ದೋಗದೆ.’
ಆಮೇಲೆ,
‘ಅಷ್ಟೊಂದ್ ವರ್ಸ ಯಾಕವ್ವ ಮುಂದಕ್ಕಾಕ್ದೆ?’

ಬಕೆಟ್ಟಿನ ನೀರು ಆರಿತು.
ಅವಳೇ ಹೇಳತೊಡಗಿದಳು, ಬರ್ಕೊ ಅಂತ:
‘ಜವರಮ್ಮ ಟೋಕನ್ನ ಸೆರಗಲ್ಲಿ ಗಂಟಾಕಂಡು
ಬಸ್ರಿ ಹುಡ್ಗೀಗೆ ಮೊದ್ಲು ಕೊಡ್ತಾಳೆ.
ಸೂಪ್ರವೈಜ್ರು ತಲೆ ಎಣ್ಸಕ್ ಬಂದ್ರೆ
ನಾವೆಲ್ಲ ಒಟ್ಗೆ ಕೆಮ್ತೀವಿ.
ಲೆಕ್ಕ ತಪ್ತದೆ. ಮತ್ತೆ ಮೊದ್ಲಿಂದ.
ಅಷ್ಟೊತ್ಗೆ ಅವ್ಳು ಬಂದ್ ಕೂತಿರ್ತಾಳೆ.’

ಮತ್ತೆ ಗೋಡೆ? ಅದನ್ನ ಯಾರು ಹತ್ತೋದು?

‘ಗೋಡೆಗೀಡೆ ಬ್ಯಾಡ.
ಆರೂವರೆಗೆ ಬಸ್ಸದೆ.’

ಹನ್ನೊಂದು ಗಂಟೆ. ಕಾರ್ಖಾನೆ ನುರಿಯುತ್ತಿದೆ,
ಕಾಕಂಬಿಯ ವಾಸನೆ ಕಿಟಕಿಯವರೆಗೆ.
ಅಮ್ಮನ ತೋರುಬೆರಳ ತುದಿಯಲ್ಲಿ
ಸೂಜಿ ಇಳಿದ ಹಳೆಯ ಕಪ್ಪು ಚುಕ್ಕೆ.
ಇಸವಿ ಹೊಡೆದುಹಾಕಲು ಪೆನ್ನೆತ್ತಿದೆ.
ಹೊಡೆಯಲಿಲ್ಲ.
ಇಷ್ಟು ದೂರದಿಂದ ನೋಡದಿದ್ದರೆ
ಇದೇ ಬಕೆಟ್ಟು, ಇದೇ ಕಾಲು,
ನನಗೆ ಕಂಡೇ ಇರಲಿಲ್ಲವಲ್ಲ.

ಆರನೇ ಅಧ್ಯಾಯ.
ಬೆಲ್ಲ ಇನ್ನೂ ಬಾಯಲ್ಲೇ ಇತ್ತು.
ಮುನ್ನೂರು ಹೆಂಗಸರು
ಒಟ್ಟಿಗೆ ಕೆಮ್ಮಿದರು.

ನಾಳೆ ಸಫೂರಾಗೆ ಕೊಡಬೇಕು.
ಆ ಹುಡುಗನೊಬ್ಬ ಇನ್ನೂ ಗೋಡೆಯ ಮೇಲಿದ್ದಾನೆ,
ಒಂದು ಕಾಲು ಆಚೆ.
ಅವನಿಗೂ ಬಸ್ಸಿನ ಹೊತ್ತು ಹೇಳಬೇಕು.