ಹದಿನೈದನೆಯ ಮನೆ

ವೇತಾಳ ಟೇಕಡಿಯ ನವಿಲು ಕೂಗುವ ಮೊದಲೇ
ಲ್ಯಾಬಿನ ಬೀಗ ತೆಗೆಯುವವಳು ನಾನು.
ಕಪಾಟಿನಲ್ಲಿ ಇಪ್ಪತ್ತೊಂದು ಲಕೋಟೆ, ಒಳಗೆ ಗೋಧಿ,
ಮೇಲೆ ಸಾಠ್ಯೆಯವರ ಪೆನ್ಸಿಲ್ಲು.
ಅವರು ನಿವೃತ್ತರಾಗಿ ಮೂರು ವರ್ಷ,
ಅಕ್ಷರ ಇನ್ನೂ ಕೆಲಸಕ್ಕೆ ಬರುತ್ತಿದೆ.

ಗೋಧಿ ಎಂದರೆ ಒಂದು ಹುಲ್ಲಲ್ಲ.
ಮೂರು ಹುಲ್ಲು, ಯಾವುದೋ ಕಾಲಕ್ಕೆ
ಯಾರ ಅಪ್ಪಣೆಯೂ ಇಲ್ಲದೆ ಕೂಡಿಕೊಂಡ ಮನೆತನ.
ಎ, ಬಿ, ಡಿ. ಒಂದೊಂದಕ್ಕೂ ಏಳೇಳು ಜೋಡಿ.
ಶಾಲ್ಮಲಿ ಮೇಡಮ್ಮು ಇದನ್ನು ಹೇಳಿ ಮುಗಿಸುವಷ್ಟರಲ್ಲಿ
ಅವರ ಕೈಯ ಪಾವು ಚಹಾದಲ್ಲಿ ಕರಗಿಹೋಗಿತ್ತು.

ತೊಂದರೆ ಏನೆಂದರೆ, ಮೂರೂ ಒಂದೇ ಥರ.
ಅಥಣಿಯಲ್ಲಿ ನಮ್ಮತ್ತಿ ಅಂಗಳಕ್ಕೆ ನಿಂತು
‘ಏ ಹುಡುಗೀ’ ಅಂದರೆ
ಮೂವರೂ ‘ಓ’ ಅನ್ನುತ್ತಿದ್ದೆವು,
ಹಾಗೆ.
ಪ್ರೈಮರ್ ಹಾಕಿ ಒಬ್ಬಳನ್ನು ಕರೆದರೆ
ಮೂವರೂ ಬಂದು ಒಂದೇ ಗೆರೆಯಲ್ಲಿ ಕೂರುತ್ತಾರೆ.
ಯಾರ ಕೊಡ ತುಂಬಿತು, ಯಾರದು ಒಡೆಯಿತು,
ತಿಳಿಯುವುದಿಲ್ಲ.

ಕೊನೆಯ ಅಕ್ಷರ ಬದಲಿಸಬೇಕು.
ಇಪ್ಪತ್ತು ಅಕ್ಷರ ಮೂವರಿಗೂ ಸೇರಿದ್ದು,
ಇಪ್ಪತ್ತೊಂದನೆಯದು ಡಿ ಒಬ್ಬಳದೇ.
ಹಾಗೆ ಬರೆಸಿ ತರಿಸಿದ ಹೆಸರು
ಕೊರಿಯರಿನಲ್ಲಿ ಬಂತು, ಒಣಗಿ, ಕೊಳವೆಯ ತಳಕ್ಕಂಟಿ;
ಬೆಳಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ.
ಬಿಲ್ಲು ಮಾತ್ರ ಸ್ಪಷ್ಟವಾಗಿತ್ತು.

ಮೊದಲ ಸಲ ಯಾರೂ ‘ಓ’ ಅನ್ನಲಿಲ್ಲ.
ಎರಡನೆಯ ಸಲ ಮತ್ತೆ ಎಲ್ಲರೂ.
ಮೇ ತಿಂಗಳ ಒಂದು ಮಧ್ಯಾಹ್ನ
ಹತ್ತೊಂಬತ್ತನೆಯ ಸುತ್ತಿನಲ್ಲಿ ಕರೆಂಟು ಹೋಯಿತು.
ಒಂದೊಂದೇ ಡಿಗ್ರಿ ಶಾಖ ಏರಿಸುತ್ತ ಹೋದೆವು,
ಹಾಲು ಕಾಯಿಸುವವರ ಹಾಗೆ, ಕಣ್ಣು ಕೀಳದೆ.

ಈ ಲಕೋಟೆಗಳ ಗುಟ್ಟು ಹೇಳಲಿಲ್ಲ.
ಒಂದೊಂದರ ಗಿಡದಲ್ಲೂ ಒಂದೊಂದು ಜೋಡಿ ಇಲ್ಲ.
ಅದರ ಬದಲು ಅಕ್ಕನ ಜೋಡಿ ಎರಡರಷ್ಟು,
ಹೋದವಳ ಕೆಲಸವನ್ನೂ ತಾನೇ ಎಳೆಯುತ್ತ.
ಸಾಠ್ಯೆಯವರು ಬೇರಿನ ತುದಿ ಜಜ್ಜಿ, ಕೆಂಪು ಬಣ್ಣ ಕುಡಿಸಿ
ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಿದ್ದರಂತೆ:
ನಲವತ್ತೆರಡು. ಲೆಕ್ಕ ಸರಿ.
ಲೆಕ್ಕ ಸರಿಯಿದ್ದೂ ಒಬ್ಬಳಿಲ್ಲ.
ಆ ಬಡಕಲು ಪೈರನ್ನು ಪ್ರತಿ ನವೆಂಬರಿಗೆ ಬಿತ್ತಿ,
ತೆನೆತೆನೆಗೂ ಕಾಗದದ ಟೋಪಿ ಹಾಕಿ
ಮೂವತ್ತು ವರ್ಷ ಕಾದರು.
ಗೋಧಿಯನ್ನಲ್ಲ, ಅದರೊಳಗಿನ ಇಲ್ಲವನ್ನು.

ಜೆಲ್ಲಿನಲ್ಲಿ ಮೊದಲು ಏಣಿ, ಆಮೇಲೆ ಇಪ್ಪತ್ತೊಂದು ಮನೆ,
ಚೌಕಾಬಾರದ ಮನೆಗಳಂತೆ ಸಣ್ಣವು.
ಒಂದು ಎ, ಒಂದು ಬಿ, ಒಂದು ಡಿ, ಎರಡು ಎ...
ಐದು ಡಿ ಇಲ್ಲದವಳು ಹದಿನೈದನೆಯ ಮನೆಗೆ ಬರುತ್ತಾಳೆ.
ನಾವು ಕೂಗಿದ ಹೆಸರು ಐದು ಡಿಯದೇ ಆಗಿದ್ದರೆ
ಎಲ್ಲ ಮನೆಯಲ್ಲೂ ಗೆರೆ ಬೆಳಗಬೇಕು,
ಆ ಒಂದು ಮನೆ ಕತ್ತಲಿರಬೇಕು.

ಜುಲೈ ಒಂಬತ್ತು. ದೀಪ ಆರಿಸಿ ನೇರಳೆ ಬೆಳಕು ಹಾಕಿದೆ.
ಕಿತ್ತಳೆ ಗೆರೆಗಳು ಸಾಲಾಗಿ ಎದ್ದವು.
ಹದಿನೈದು ಖಾಲಿ!
ಕುಣಿಯಬೇಕೆಂದಿದ್ದೆ.
ಒಂಬತ್ತೂ ಖಾಲಿ.

ಒಂಬತ್ತಕ್ಕೆ ಡಿಎನ್‌ಎ ಹಾಕಲು ಮರೆತಿದ್ದೆ, ನಾನೇ.
ಮೇಡಮ್ಮು ಬೈಯಲಿಲ್ಲ. ಕೇಳಿದ್ದಿಷ್ಟೆ:
‘ಹಾಗಾದರೆ ಹದಿನೈದು ನಿಜವಾದ ಇಲ್ಲವೋ,
ನಿನ್ನ ಇಲ್ಲವೋ?’

ರಾತ್ರಿ ಹಾಸ್ಟೆಲ್ಲಿನಲ್ಲಿ ಚಪಾತಿ ಲಟ್ಟಿಸುವಾಗಲೂ
ಆ ಮಾತು ಕೈಗೆ ಅಂಟಿಕೊಂಡೇ ಇತ್ತು.

ಮತ್ತೆ ಮಾಡಿದೆವು. ಈ ಸಲ ಪ್ರತಿ ಕೊಳವೆಯಲ್ಲೂ
ಇನ್ನೊಂದು ಪ್ರೈಮರ್, ಎಲ್ಲರ ಮನೆಯಲ್ಲೂ ಇರುವಂಥದು,
ಬಾಗಿಲಲ್ಲಿ ಕೂತ ಅಜ್ಜಿಯಂತೆ.
ಒಂಬತ್ತರಲ್ಲಿ ಎರಡೂ ಗೆರೆ.
ಹದಿನೈದರಲ್ಲಿ ಮೇಲಿನದು ಬೆಳಗಿತು, ಮನೆ ತೆರೆದಿದೆ, ಬಾ ಎಂದು.
ಕೆಳಗೆ ಕತ್ತಲು.

ಸಾಠ್ಯೆಯವರಿಗೆ ಫೋನು ಹಚ್ಚಿದೆ.
ಕಿವಿ ಮಂದ, ಕೂಗಿಯೇ ಹೇಳಬೇಕು.
‘ಹದಿನೈದರಲ್ಲಿ ಇಲ್ಲ ಸರ್!’
‘ಇಲ್ಲವಾ?’
‘ಇಲ್ಲ ಸರ್, ಖಾತ್ರಿಯಾಗಿ ಇಲ್ಲ!’
‘ಛಾನ್! ಛಾನ್!’ ಎಂದು ನಗತೊಡಗಿದರು.
ಹಿಂದೆ ಅಡುಗೆಮನೆಯಿಂದ ಅವರ ಹೆಂಡತಿ
ಗಾಬರಿಯಲ್ಲಿ ಕೇಳುತ್ತಿದ್ದರು,
ಅಯ್ಯೋ, ಯಾರು ಹೋದರು?